ಮೈದಾ ಅಂಟಿನ ಆಲ್ಬಮ್

“ಇದನ್ನ ಮಾಡಿದ್ದು ನೀವೇನಾ?”

ಬಾಗಿಲಲ್ಲಿ ನಿಂತ ಗಂಡಸು ನಮಸ್ಕಾರ ಹೇಳಲಿಲ್ಲ. ಬಟ್ಟೆ ಚೀಲದಿಂದ ದಪ್ಪನೆಯ ಆಲ್ಬಮ್ ಒಂದನ್ನು ತೆಗೆದು ಶಿಲ್ಪಶ್ರೀಯ ಮುಂದಿದ್ದ ಮೇಜಿನ ಮೇಲಿಟ್ಟ.

ಅವಳ ಕೈಯಲ್ಲಿದ್ದ ಕತ್ತರಿ ಅರ್ಧ ಬಿಡಿಸಿದ ಕಾಗದದ ಹೂವಿನಲ್ಲೇ ನಿಂತಿತು.

ಹಸಿರು ರಟ್ಟು. ಅಂಚಿಗೆ ಸಣ್ಣ ಬಳ್ಳಿ. ಆರು ವರ್ಷದ ಹಿಂದಿನ ಕೆಲಸವಾದರೂ ಒಂದೇ ನೋಟಕ್ಕೆ ಗುರುತಾಯಿತು.

“ಹೌದು, ನಾನೇ ಮಾಡಿದ್ದು...”

“ತೆಗೆದು ನೋಡಿ.”

ತೆಗೆದಳು. ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಪುಟಗಳು ಒಂದಕ್ಕೊಂದು ಮೆತ್ತಿಕೊಂಡಿದ್ದವು. ಫೋಟೋಗಳ ಮೇಲೆಲ್ಲ ಬೂಷ್ಟು. ತೊಟ್ಟಿಲಲ್ಲಿ ನಗುತ್ತಿದ್ದ ಮಗುವೊಂದರ ಕೆನ್ನೆಯ ಬಣ್ಣವೇ ಕದಡಿಹೋಗಿತ್ತು.

“ನಿಮ್ಮ ಮೈದಾ ಅಂಟು ಮಾಡಿದ ಕೆಲ್ಸ ಇದು. ನಮ್ಮನೆ ಫೋಟೋ ಎಲ್ಲ ಇದ್ರಲ್ಲೇ ಇದ್ದಿದ್ದು. ನೆಗೆಟಿವ್ ಒಂದೂ ಇಲ್ಲ. ತೆಗೆದ ಸ್ಟುಡಿಯೋನೂ ಈಗಿಲ್ಲ.”

ಶಿಲ್ಪಶ್ರೀ ಬೂಷ್ಟು ಹಿಡಿದ ಅಂಚನ್ನು ಬೆರಳಿನಿಂದ ಒರೆಸಿ ನೋಡಿದಳು.

ಎರಡು ಸಾವಿರದ ಏಳನೇ ಇಸವಿಯ ಮಾರ್ಚ್ ತಿಂಗಳು ಅದು. ನರಸಿಂಹರಾಜಪುರದ ಪೇಟೆ ಬೀದಿಯ ಆ ಮುಂಕೋಣೆಯಲ್ಲಿ ಅವಳು ಹದಿಮೂರು ವರ್ಷಗಳಿಂದ ಕಾಗದದ ಕೆಲಸ ಮಾಡುತ್ತಿದ್ದಳು. ಶುಭಾಶಯ ಪತ್ರ, ಕಾಗದದ ಹೂಗುಚ್ಛ, ಎಲ್ಲಕ್ಕಿಂತ ಹೆಚ್ಚಾಗಿ ಆಲ್ಬಮ್. ಒಂದು ಮನೆಯ ಫೋಟೋಗಳನ್ನು ತರಿಸಿಕೊಂಡು, ಒಂದೊಂದು ಪುಟಕ್ಕೂ ಬೇರೆ ಬೇರೆ ಬಣ್ಣದ ಕಾಗದ, ಒಣಗಿಸಿದ ಎಲೆ, ಪಕ್ಕದಲ್ಲಿ ತನ್ನ ದುಂಡು ಅಕ್ಷರದಲ್ಲಿ ಎರಡು ಸಾಲು. ಬಂದ ಸಂಬಂಧಗಳು ಏನೇನೋ ಕಾರಣಕ್ಕೆ ಬಿಟ್ಟುಹೋಗಿ ವಯಸ್ಸು ಮೂವತ್ತೊಂದಾಗಿದ್ದರೂ, ಈ ಮೇಜಿನ ಮುಂದೆ ಕೂತಾಗ ಅವಳಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ.

ಇವತ್ತು ಮೊದಲ ಸಲ ತನ್ನ ಕೈಗಳ ಮೇಲೇ ಅನುಮಾನ ಬಂತು.

ಅಂಟು ಕಾಯಿಸುವಾಗ ಹುಳ, ಬೂಷ್ಟು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕುವುದು ಅವಳ ಪದ್ಧತಿ. ಈ ಆಲ್ಬಮ್ಮಿಗೆ ಹಾಕಿದ್ದೆನಾ? ಮರೆತೆನಾ? ನೆನಪಾಗಲಿಲ್ಲ.

ನೆನಪಾದದ್ದು ಇದನ್ನು ಮಾಡಿಸಿದ ಹುಡುಗ. ‘ಅಕ್ಕಾ, ಅಪ್ಪ ಅಮ್ಮನ ಮದ್ವೆಯಾಗಿ ಮೂವತ್ತು ವರ್ಷ ಆಯ್ತು, ಅವರಿಗೆ ಗೊತ್ತಾಗದ ಹಾಗೆ ಮಾಡಿಕೊಡಿ’ ಎಂದು ಫೋಟೋಗಳನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ತಂದಿದ್ದ.

“ಇದನ್ನ ಮಾಡಿಸಿದ್ದು ವೀರೇಶ್ ಅಂತ... ನಿಮ್ಮ ತಮ್ಮನಾ? ಹೇಗಿದಾರೆ ಅವ್ರು?”

ಆತನ ಸಿಟ್ಟು ಅಲ್ಲೇ ಇಳಿಯಿತು. ಮುಖ ಬೇರೆ ಕಡೆ ತಿರುಗಿಸಿಕೊಂಡ.

“ತೀರ್ಕೊಂಡು ನಾಲ್ಕು ವರ್ಷ ಆಯ್ತು. ಎಂಟು ದಿನದ ಜ್ವರ.”

ಶಿಲ್ಪಶ್ರೀ ಮೆಲ್ಲಗೆ ಆಲ್ಬಮ್ ಮುಚ್ಚಿದಳು. ಮುಚ್ಚಿದ ಮೇಲೂ ಕೈಯನ್ನು ಅದರ ಮೇಲಿಂದ ತೆಗೆಯಲಿಲ್ಲ.

“ನಾನು ಸರಿ ಮಾಡ್ತೀನಿ,” ಎಂದಳು. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆತನ ಹೆಸರು ರೇಣುಕಾಪ್ರಸಾದ್. ಕೊಪ್ಪದ ಬಸ್‌ಸ್ಟ್ಯಾಂಡ್ ಎದುರಿನ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದ. ಒಂದು ಕೋಣೆಯಲ್ಲಿ ಮಕ್ಕಳಿಗೆ ಪಾಠ, ಇನ್ನೊಂದರಲ್ಲಿ ಲಗ್ನಪತ್ರಿಕೆ, ಬಯೋಡೇಟಾ, ಫೋಟೋ ಕೆಲಸ.

“ಫೋಟೋನ ಸ್ಕ್ಯಾನ್ ಮಾಡಿ ಕಂಪ್ಯೂಟರಲ್ಲಿ ಸರಿ ಮಾಡ್ಬಹುದು,” ಎಂದ ಹೊರಡುವ ಮುಂಚೆ, ತಗ್ಗಿದ ದನಿಯಲ್ಲಿ. “ಆದ್ರೆ ಪುಟದಿಂದ ಬಿಡಿಸೋಕೆ ನಂಗೆ ಬರಲ್ಲ, ಹರಿದುಬಿಡುತ್ತೆ. ಮತ್ತೆ... ಅಪ್ಪನೂ ಹೋದ್ಮೇಲೆ ಮನೇಲಿ ನಾನು, ಅಮ್ಮ ಇಬ್ರೇ. ಅಮ್ಮಂಗೆ ಬರೀ ಫೋಟೋ ಬೇಡ. ವೀರೇಶ ಮಾಡಿಸಿಕೊಟ್ಟಿದ್ದ ಹಾಗೇ ಬೇಕು. ಅದು ನಿಮ್ಮಿಂದ್ಲೇ ಆಗ್ಬೇಕು.”

“ನಂಗೆ ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲ.”

“ಕಲಿಸ್ತೀನಿ.”

*

ಸೋಮವಾರ ಒಂಬತ್ತರ ಬಸ್ಸಿಗೆ ಶಿಲ್ಪಶ್ರೀ ಕೊಪ್ಪಕ್ಕೆ ಹೋದಳು. ಚೀಲದಲ್ಲಿ ಕತ್ತರಿ, ಚಿಮುಟ, ಒಂದು ಉಂಡೆ ಹೊಲಿಗೆ ದಾರ.

ದಾರ ನೋಡಿ ಪ್ರಸಾದ್ ಹುಬ್ಬೇರಿಸಿದ. ಅವಳು ದಾರದ ಎರಡೂ ತುದಿಗಳನ್ನು ಬೆರಳಿಗೆ ಸುತ್ತಿಕೊಂಡು, ಫೋಟೋ ಮತ್ತು ಪುಟದ ನಡುವೆ ತೂರಿಸಿ, ಗರಗಸದಂತೆ ಆಚೀಚೆ ಎಳೆದಳು. ಉಸಿರು ಬಿಗಿಹಿಡಿದು ನೋಡುತ್ತಿದ್ದ ಅವನ ಕಣ್ಣೆದುರಿಗೆ ವೀರೇಶನ ಮೊದಲ ಹುಟ್ಟುಹಬ್ಬ ಒಂದು ಗೀರೂ ಇಲ್ಲದೆ ಬಿಡಿಸಿಕೊಂಡು ಬಂತು.

“ಇದನ್ನ ಯಾರು ಕಲಿಸಿದ್ದು?”

“ಯಾರೂ ಇಲ್ಲ. ತಪ್ಪು ಮಾಡಿ ಮಾಡಿ ಕಲಿತಿದ್ದು.”

ಐವತ್ತೆಂಟು ಫೋಟೋ ಬಿಡಿಸಲು ನಾಲ್ಕು ದಿನ ಹಿಡಿಯಿತು. ಸ್ಕ್ಯಾನರಿನ ಬೆಳಕು ಒಂದೊಂದರ ಅಡಿಯಲ್ಲೂ ಹಾದುಹೋಯಿತು. ಐದನೇ ದಿನ ಪ್ರಸಾದ್ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ.

ಕಷ್ಟ ಶುರುವಾದದ್ದು ಆಗ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಕತ್ತರಿಯಲ್ಲಿ ಬಿಡಿಸುತ್ತಿದ್ದ ಕೈ ಮೌಸ್ ಹಿಡಿದಾಗ ಒಂದನೇ ಕ್ಲಾಸಿನ ಮಗುವಿನ ಕೈಯಾಯಿತು. ಬಾಣ ಎಲ್ಲೋ ಓಡುತ್ತಿತ್ತು. ಅದನ್ನು ಹಿಡಿಯಲು ಮೌಸನ್ನೇ ಮೇಜಿನಿಂದ ಎತ್ತುತ್ತಿದ್ದಳು.

“ಎತ್ಬೇಡಿ ಮೇಡಂ, ಜಾರಿಸಿ.”

“ಇದ್ರಲ್ಲಿ ಕಾಗದ ಎಲ್ಲಿದೆ? ಮುಟ್ಟಿದ್ರೆ ಎಂತದೂ ಸಿಗಲ್ಲ.”

ಪ್ರಸಾದ್ ಸ್ವಲ್ಪ ಯೋಚಿಸಿದ. ಆಮೇಲೆ ಮೇಜಿನ ಮೇಲೆ ಒಂದು ಬಿಳಿ ಹಾಳೆ ಇಟ್ಟ. ಅದರ ಮೇಲೆ ಹಸಿರು ಕಾಗದ, ಅದರ ಮೇಲೆ ಫೋಟೋ, ಎಲ್ಲಕ್ಕೂ ಮೇಲೆ ಒಂದು ಎಲೆ.

“ಒಳಗೂ ಹೀಗೇ ಇರೋದು. ಒಂದರ ಮೇಲೆ ಒಂದು. ಲೇಯರ್ ಅಂತಾರೆ ಇದಕ್ಕೆ. ಯಾವ್ದನ್ನ ಬೇಕಾದ್ರೂ ಸರಿಸಿ, ಮೇಲೆ ಕೆಳಗೆ ಮಾಡಿ.”

“ಅಂದ್ರೆ ನಾನು ಮಾಡೋದೇ.”

“ನೀವು ಮಾಡೋದೇ. ಅಂಟು ಒಂದಿಲ್ಲ ಅಷ್ಟೆ.”

ಹೇಳಿದ ಮೇಲೆ ಅವನಿಗೇ ಇರುಸುಮುರುಸಾಯಿತು. ಅವಳು ತಲೆ ತಗ್ಗಿಸಿದಳು.

ಅದೇ ಮಧ್ಯಾಹ್ನ ಅವಳು ಯಮುನಮ್ಮನವರ, ಅಂದರೆ ಪ್ರಸಾದನ ತಾಯಿಯ, ಫೋಟೋವನ್ನು ಪರದೆಯ ಮೇಲೆ ಕತ್ತರಿಸಲು ಹೋಗಿ ಕೈ ತಪ್ಪಿ ಅರ್ಧ ಮುಖವನ್ನೇ ಕತ್ತರಿಸಿಬಿಟ್ಟಳು. “ಅಯ್ಯೋ ದೇವ್ರೇ...” ಎಂದು ಕುರ್ಚಿ ಹಿಂದೆ ತಳ್ಳಿ ಎದ್ದೇಬಿಟ್ಟಳು.

ಪ್ರಸಾದ್ ಬಗ್ಗಿ ಎರಡು ಕೀ ಒತ್ತಿದ. ಮುಖ ಮೊದಲಿನಂತಾಯಿತು.

ಶಿಲ್ಪಶ್ರೀ ಪರದೆಯನ್ನೇ ನೋಡುತ್ತ ನಿಂತಳು. ಹದಿಮೂರು ವರ್ಷಗಳಲ್ಲಿ ಕತ್ತರಿ ಬಿದ್ದ ಕಾಗದ ಹಿಂದಕ್ಕೆ ಬಂದದ್ದನ್ನು ಅವಳು ಕಂಡಿರಲಿಲ್ಲ.

“ಎಷ್ಟು ಸಲ ಹೀಗೆ ಮಾಡ್ಬಹುದು?”

“ಸುಮಾರು ಸಲ.”

“ಹಾಗಾದ್ರೆ ಹೆದರಿಕೆಯಿಲ್ಲ,” ಎಂದು ಮತ್ತೆ ಕೂತಳು.

ಮೊದಲು ಮಾಡಿದ ಪುಟ ಅವಳಿಗೇ ಹಿಡಿಸಲಿಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಗುಲಾಬಿ, ಹೃದಯ, ಚಿಟ್ಟೆಗಳನ್ನೆಲ್ಲ ಹಾಕಿದ್ದಳು. ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದಳು.

“ಅಂಗಡಿಯವರು ಪುಕ್ಕಟೆ ಕೊಡೋ ಕ್ಯಾಲೆಂಡರ್ ಥರ ಇದೆ.”

ಪ್ರಸಾದ್ ನಕ್ಕ. ಅವನು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಮಾರನೇ ದಿನ ಮನೆಯಿಂದ ಒಂದು ದೊಡ್ಡ ಚೀಲ ಹೊತ್ತು ತಂದಳು. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ ಹಾಳೆ, ಪುಸ್ತಕದ ನಡುವೆ ಒತ್ತಿಟ್ಟಿದ್ದ ಜರೀಗಿಡದ ಎಲೆ, ಅಮ್ಮ ಬಸವಮ್ಮನ ಹಳೇ ಇಳಕಲ್ ಸೀರೆಯ ಸೆರಗು, ಹದಿಮೂರು ವರ್ಷ ಕೂಡಿಟ್ಟಿದ್ದ ಕಾಗದದ ಚೂರುಗಳು. ಒಂದೊಂದನ್ನೂ ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿದಳು. ಗಣಕದ ಕನ್ನಡ ಅಕ್ಷರ ಸೆಟೆದುಕೊಂಡು ನಿಂತ ಹಾಗೆ ಕಾಣುತ್ತದೆಂದು, ಸಾಲುಗಳನ್ನು ಮಸಿ ಪೆನ್ನಿನಲ್ಲಿ ಬರೆದು ಅದನ್ನೂ ಸ್ಕ್ಯಾನ್ ಮಾಡಿಸಿದಳು.

ಈಗ ಪರದೆಯ ಮೇಲೆ ಬಂದದ್ದು ಅವಳ ಪುಟ.

“ನೆರಳು ತಪ್ಪಿದೆ,” ಎಂದಳು ಒಂದು ದಿನ. “ಫೋಟೋದಲ್ಲಿ ಬಿಸಿಲು ಎಡಗಡೆಯಿಂದ ಬರ್ತಿದೆ. ನೀವು ಕಾಗದದ ನೆರಳನ್ನೂ ಎಡಕ್ಕೇ ಹಾಕಿದೀರಿ. ಅದು ಬಲಕ್ಕೆ ಬೀಳ್ಬೇಕು.”

ಹತ್ತು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದವನು ಪರದೆಯನ್ನು ನೋಡಿದ, ಅವಳನ್ನು ನೋಡಿದ. “ಇಷ್ಟು ವರ್ಷ ನಾನು ಎಂತ ನೋಡ್ತಿದ್ದೆ ಮಾರಾಯ್ರೇ,” ಎಂದ.

ಕರೆಂಟು ಹೋಗಿ ಅರ್ಧ ದಿನದ ಕೆಲಸ ಅಳಿಸಿಹೋದ ಮೇಲೆ ಹೊಸ ಪದ್ಧತಿಯೊಂದು ಶುರುವಾಯಿತು. ಆಚೆ ಕೋಣೆಯಲ್ಲಿ ಪಾಠ ಹೇಳುತ್ತಿದ್ದ ಪ್ರಸಾದ್ ಹತ್ತು ನಿಮಿಷಕ್ಕೊಮ್ಮೆ ಪಾಠ ನಿಲ್ಲಿಸಿ, “ಮೇಡಂ, ಸೇವ್,” ಎಂದು ಕೂಗುತ್ತಿದ್ದ. ಮಕ್ಕಳು ಕಿಸಕ್ಕನೆ ನಗುತ್ತಿದ್ದರು. ಶಿಲ್ಪಶ್ರೀ ಸೇವ್ ಮಾಡಿ, ಯಾರಿಗೂ ಕಾಣದ ಹಾಗೆ ತಾನೂ ನಗುತ್ತಿದ್ದಳು.

ಮಧ್ಯಾಹ್ನ ಅವಳ ಡಬ್ಬಿಯ ಅಕ್ಕಿರೊಟ್ಟಿ ಇಬ್ಬರಿಗೂ ಆಗುತ್ತಿತ್ತು. ಬಸವಮ್ಮ ಏನೂ ಕೇಳದೆ ಡಬ್ಬಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕತೊಡಗಿದ್ದಳು.

*

ಆದರೆ ಅವಳ ಮನಸ್ಸಿನ ಮುಳ್ಳು ಹೋಗಿರಲಿಲ್ಲ. ಈ ಅಂಟಿನಿಂದ ಇನ್ನೆಷ್ಟು ಮನೆಯ ಫೋಟೋ ಹಾಳಾಗಿವೆಯೋ...

ಒಂದು ಮಧ್ಯಾಹ್ನ ಊಟದ ನಂತರ ಚೀಲದಿಂದ ಪೋಸ್ಟ್‌ಕಾರ್ಡುಗಳ ಕಟ್ಟು ತೆಗೆದಳು. ಆಲ್ಬಮ್ ಮಾಡಿಸಿಕೊಂಡ ನಲವತ್ತೊಂದು ಮನೆಗಳ ವಿಳಾಸ ಅವಳ ಪುಸ್ತಕದಲ್ಲಿತ್ತು. ಎಲ್ಲ ಕಾರ್ಡಿನಲ್ಲೂ ಒಂದೇ ಮಾತು: ‘ನಾನು ಬಳಸಿದ ಅಂಟಿನಲ್ಲಿ ದೋಷ ಇರಬಹುದು. ದಯವಿಟ್ಟು ಆಲ್ಬಮ್ ತೆಗೆದು ನೋಡಿ. ಹಾಳಾಗಿದ್ದರೆ ನಾನೇ ಬಂದು ಸರಿ ಮಾಡಿಕೊಡುತ್ತೇನೆ.’

ಪ್ರಸಾದನ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು.

“ಅಷ್ಟೆಲ್ಲ ಯಾಕೆ... ಎಲ್ಲಾದೂ ಹಾಳಾಗಿರಲ್ಲ.”

“ಗೊತ್ತಿಲ್ವಲ್ಲ. ನಿಮ್ಮಮ್ಮಂಗೆ ಆಗಿದ್ದು ಇನ್ನೊಬ್ರಿಗೆ ಆಗೋದು ಬೇಡ.”

ಅವನು ಏನೋ ಹೇಳಲು ಬಾಯಿ ತೆರೆದ. ಆಚೆ ಕೋಣೆಯಿಂದ ಯಾರೋ ಕರೆದರು. ಹೊರಡುವಾಗ ಅವಳೇ ಕಾರ್ಡುಗಳನ್ನು ಅವನ ಕೈಗಿಟ್ಟು, “ಪೋಸ್ಟ್ ಡಬ್ಬಿ ನಿಮ್ಮನೆ ದಾರೀಲೇ ಇದೆಯಲ್ಲ, ಹಾಕ್ಬಿಡಿ,” ಎಂದಳು.

ಅವನು ಹಾಕಿದ.

ಮಾತು ಹಬ್ಬಲು ಒಂದು ವಾರ ಸಾಕಾಯಿತು. ಅವಳ ಶುಭಾಶಯ ಪತ್ರ, ಆಲ್ಬಮ್‌ಗಳನ್ನು ಮಾರುತ್ತಿದ್ದ ನರಸಿಂಹರಾಜಪುರದ ಫ್ಯಾನ್ಸಿ ಸ್ಟೋರಿನ ಶಿವಶಂಕರಪ್ಪ, “ಬೇಜಾರು ಮಾಡ್ಕೋಬೇಡ ಶಿಲ್ಪ, ಜನ ಕೇಳ್ತಾರೆ,” ಎಂದು ಎಲ್ಲವನ್ನೂ ಒಂದು ಪೆಟ್ಟಿಗೆಯಲ್ಲಿ ತುಂಬಿ ವಾಪಸ್ ಕೊಟ್ಟ. ಮದುವೆಯ ಕಾಲವಾದರೂ ಆ ವರ್ಷ ಒಂದು ಆಲ್ಬಮ್ಮಿಗೂ ಆರ್ಡರ್ ಬರಲಿಲ್ಲ. ಅಪ್ಪ ಜಯದೇವಪ್ಪ ಖಾಲಿ ಮೇಜನ್ನು ನೋಡಿ ಒಳಗೆ ಹೋಗುತ್ತಿದ್ದರು.

ಕಾರ್ಡಿಗೆ ಹೆಚ್ಚು ಉತ್ತರ ಬರಲಿಲ್ಲ. ತಾನೇ ಹೋಗಿ ನೋಡುವುದೆಂದು ಅವಳು ಹೊರಟಳು. “ನಾನೂ ಬರ್ತೀನಿ,” ಎಂದ ಪ್ರಸಾದ್. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ, ಅವನು ಎರಡು ಸೀಟು ಹಿಂದೆ.

ಕಡಹಿನಬೈಲಿನ ಮನೆಯ ಆಲ್ಬಮ್ ಹೊಸದರಂತೆ ಇತ್ತು. ಕೊಪ್ಪದ ಹತ್ತಿರದ ನಾರ್ವೆ ಹಳ್ಳಿಯಲ್ಲಿ ಇಲಿ ಒಂದು ಮೂಲೆ ಕಡಿದಿತ್ತು, ಅಷ್ಟೆ.

ಕೊನೆಗೆ ಶೃಂಗೇರಿ ದಾಟಿ ಕೆರೆಕಟ್ಟೆ. ಕಾಡಿನ ಅಂಚಿನ ಊರು. ಮಳೆಗಾಲದಲ್ಲಿ ಗೋಡೆಯೂ ಬೆವರುವ ಜಾಗ. ಇಲ್ಲಿ ಉಳಿದಿರಲಿಕ್ಕಿಲ್ಲ ಎಂದು ಶಿಲ್ಪಶ್ರೀ ಹೆದರಿಕೊಂಡೇ ಮೆಟ್ಟಿಲು ಹತ್ತಿದಳು. ಎಂಟು ವರ್ಷದ ಹಿಂದೆ ಮಗಳ ಮದುವೆಯ ಆಲ್ಬಮ್ ಮಾಡಿಸಿದ್ದ ಜಲಜಮ್ಮ ಅಡುಗೆಮನೆಯ ಅಟ್ಟದಿಂದ ಅದನ್ನು ಇಳಿಸಿ ಸೆರಗಿನಿಂದ ಒರೆಸಿ ಕೊಟ್ಟರು.

ಹೊಗೆಗೆ ಅಂಚು ಸ್ವಲ್ಪ ಕಂದಾಗಿತ್ತು. ಒಳಗೆ ಮದುಮಗಳ ಮೂಗುತಿ ಕೂಡ ಹೊಳೆಯುತ್ತಿತ್ತು.

“ನಿನ್ ಅಂಟಿಗೆ ಎಂತದೂ ಆಗಿಲ್ಲ ಮಾರಾಯ್ತಿ,” ಎಂದರು ಜಲಜಮ್ಮ. “ಸುಮ್ನೆ ಕಾರ್ಡು ಬರ್ದು ಹೆದ್ರಿಸಿದ್ಯಲ್ಲ.”

ಬಸ್ಸಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ರಸ್ತೆ ಬದಿಯ ಮೋರಿಕಟ್ಟೆಯ ಮೇಲೆ ಇಬ್ಬರೂ ಕೂತರು.

“ಇಲ್ಲೇ ಹಾಳಾಗಿಲ್ಲ ಅಂದ್ಮೇಲೆ ನಿಮ್ಮನೇಲಿ ಯಾಕೆ ಹಾಗಾಯ್ತು? ನಿಮ್ಮದಕ್ಕೇ ಮೈಲುತುತ್ತ ಹಾಕೋಕೆ ಮರ್ತಿರ್ಬೇಕು ನಾನು. ವೀರೇಶ್ ಅಷ್ಟು ಆಸೆಯಿಂದ ಮಾಡಿಸಿದ್ರು... ಅವ್ರದ್ದಕ್ಕೇ ಮರ್ತೆ ನೋಡಿ.”

ಅವಳ ಕಣ್ಣು ತುಂಬಿತು.

ಪ್ರಸಾದ್ ಕೈಯಲ್ಲಿದ್ದ ಒಣ ಕಡ್ಡಿಯನ್ನು ಚೂರು ಚೂರು ಮಾಡುತ್ತಿದ್ದ. “ಶಿಲ್ಪಶ್ರೀ...” ಎಂದ. ಮೇಡಂ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಎಂತ?”

ತುಂಬಾ ಹೊತ್ತು ಅವನು ಅವಳನ್ನು ನೋಡಿದ.

“ಏನಿಲ್ಲ... ಅಳಬೇಡಿ.”

*

ಮೇ ಕೊನೆಯಲ್ಲಿ ಆಲ್ಬಮ್ ಮುಗಿಯಿತು. ಪುಟಗಳನ್ನು ಶಿವಮೊಗ್ಗದ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ ತಂದು, ಶಿಲ್ಪಶ್ರೀ ತಾನೇ ಹೊಲಿದು ರಟ್ಟು ಕಟ್ಟಿದಳು. ಎಲ್ಲವನ್ನೂ ಒಂದು ಸಿಡಿಯಲ್ಲೂ ಹಾಕಿಕೊಂಡಳು. ಇನ್ನು ಯಾವ ಬೂಷ್ಟಿಗೂ ಹೆದರಬೇಕಿಲ್ಲ.

ಪ್ರಸಾದ್ ಕೆಲಸದ ಮೇಲೆ ಚಿಕ್ಕಮಗಳೂರಿಗೆ ಹೋಗಿದ್ದ. ‘ನಾನು ಬಂದ ಮೇಲೆ ಒಟ್ಟಿಗೆ ಕೊಡೋಣ’ ಎಂದಿದ್ದ. ಆದರೆ ಅವಳಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಮುಖದ ಒಂದೊಂದು ಸುಕ್ಕನ್ನೂ ಪರದೆಯ ಮೇಲೆ ತಿದ್ದಿದ್ದ ಆ ತಾಯಿಯನ್ನು ಅವಳಿನ್ನೂ ಕಂಡಿರಲಿಲ್ಲ. ಆಲ್ಬಮ್ ಹಿಡಿದು ಒಬ್ಬಳೇ ಅವರ ಮನೆಗೆ ಹೋದಳು.

ಯಮುನಮ್ಮ ಕನ್ನಡಕ ಹಾಕಿಕೊಂಡು ನೆಲದ ಮೇಲೆ ಕೂತರು. ಮೊದಲ ಪುಟದಲ್ಲಿ ತೊಟ್ಟಿಲಲ್ಲಿ ನಗುತ್ತಿದ್ದ ವೀರೇಶ. ಆ ಕೆನ್ನೆಯ ಬಣ್ಣ ತುಂಬಲು ಶಿಲ್ಪಶ್ರೀಗೆ ನಾಲ್ಕು ದಿನ ಹಿಡಿದಿತ್ತು.

ಯಮುನಮ್ಮ ಕೆನ್ನೆಯ ಮೇಲೆ ಬೆರಳಿಟ್ಟರು. “ಹಾಲು ಕುಡ್ದು ಹೀಗೇ ನಗೋನು,” ಎಂದರು. ಒಂದೊಂದೇ ಪುಟ ತಿರುವಿದರು. ಅತ್ತರು, ನಕ್ಕರು, ಮತ್ತೆ ಅತ್ತರು. ಕೊನೆಗೆ ಶಿಲ್ಪಶ್ರೀಯ ಎರಡೂ ಕೈ ಹಿಡಿದುಕೊಂಡರು.

“ಎರಡು ವರ್ಷ ಇಟ್ಕೊಂಡ್ರೂ ಚಂದ ಮಾಡಿಕೊಟ್ಟೆ ಮಗಳೇ.”

“ಎರಡು ವರ್ಷ ಎಲ್ಲಮ್ಮ... ನನ್ ಕೈಗೆ ಬಂದಿದ್ದು ಈ ಮಾರ್ಚಲ್ಲಿ.”

“ಇಲ್ಲಪ್ಪ. ವೀರೇಶನ ಎರಡನೇ ವರ್ಷದ ಪುಣ್ಯಸ್ಮರಣೆ ಆಯ್ತಲ್ಲ, ಅದರ ಮಾರನೇ ದಿನವೇ ಪ್ರಸಾದ ತಗೊಂಡು ಹೋದ. ಪುಟ ಕಿತ್ತಿದೆ, ಮಾಡಿದವರ ಹತ್ರವೇ ರಿಪೇರಿ ಮಾಡಿಸ್ತೀನಿ ಅಂದ. ನಾನು ಕೇಳಿದಾಗೆಲ್ಲ ‘ಅವ್ರಿಗೆ ಪುರುಸೊತ್ತಿಲ್ಲ ಅಮ್ಮ’ ಅಂತಿದ್ದ.”

“ಆಗ... ಫೋಟೋ ಎಲ್ಲ ಹೇಗಿತ್ತು?”

“ಫೋಟೋಕ್ಕೆಂತ ಆಗಿತ್ತು? ದಿನಾ ನೋಡ್ತಿದ್ನಲ್ಲ ನಾನು. ಫಳಫಳ ಅಂತಿತ್ತು.”

ಹಾಗಾದರೆ ಹಾಳಾದದ್ದು ಪ್ರಸಾದ್ ತೆಗೆದುಕೊಂಡು ಹೋದ ಮೇಲೆ. ಆ ತಾಯಿಗೆ ಅದನ್ನು ಹೇಳುವುದು ಬೇಡವೆನಿಸಿತು ಶಿಲ್ಪಶ್ರೀಗೆ. ಕೊಟ್ಟ ಕಾಫಿಯನ್ನು ಹೇಗೋ ಕುಡಿದು ಎದ್ದಳು.

ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಮಗಳೂರಿನ ಬಸ್ಸಿನಿಂದ ಇಳಿದ ಪ್ರಸಾದ್ ಅವಳನ್ನು ಕಂಡು ನಗುತ್ತ ಬಂದ. ಹತ್ತಿರ ಬಂದವನ ನಗು ನಿಂತುಹೋಯಿತು.

“ಆಲ್ಬಮ್ ಎರಡು ವರ್ಷ ಎಲ್ಲಿತ್ತು?”

ಅವನು ಸುಳ್ಳು ಹುಡುಕಲಿಲ್ಲ. “ಟ್ರಂಕಲ್ಲಿ. ಪ್ಲಾಸ್ಟಿಕ್ಕಲ್ಲಿ ಸುತ್ತಿ ನಾನೇ ಇಟ್ಟಿದ್ದೆ. ಎರಡು ಮಳೆಗಾಲ ಒಳಗೇ ಇತ್ತು. ಅಮ್ಮ ದಿನಾ ಅದನ್ನ ತೆಗೆದು ಅಳೋರು, ಊಟ ಬಿಡೋರು... ನಂಗೆ ನೋಡೋಕೆ ಆಗ್ತಿರ್ಲಿಲ್ಲ.”

“ಅದು ನಂಗೆ ಅರ್ಥ ಆಗುತ್ತೆ. ಆದ್ರೆ ನನ್ ಅಂಟು ಅಂದ್ರಲ್ಲ.”

“ನನ್ನ ಕೈಯಾರೆ ತಮ್ಮನ ಮುಖ ಅಳಿಸಿಬಿಟ್ಟೆ ಅಂತ ಹೇಳ್ಕೊಳ್ಳೋಕೆ ಬಾಯಿ ಬರ್ಲಿಲ್ಲ ಅವತ್ತು.”

“ಅವತ್ತು ಬರ್ಲಿಲ್ಲ. ಆಮೇಲೆ? ನಲವತ್ತೊಂದು ಮನೆಗೆ ನನ್ ತಪ್ಪು ಅಂತ ಬರೆದೆ. ನಿಮ್ಮೆದುರಿಗೇ ಬರೆದೆ.” ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು. “ಡಬ್ಬಿಗೆ ಹಾಕಿದ್ದು ನೀವು.”

ನರಸಿಂಹರಾಜಪುರದ ಬಸ್ಸು ಹೊರಟಿತ್ತು. ಅವಳು ಹತ್ತಿದಳು, ಹಿಂದಿರುಗಿ ನೋಡಲಿಲ್ಲ.

*

ಮೂರು ವಾರ ಅವಳು ಕೊಪ್ಪದ ಕಡೆ ಹೋಗಲಿಲ್ಲ. ಫೋನ್ ಬಂದರೆ ಬಸವಮ್ಮ ಎತ್ತಿ, ಮಗಳ ಮುಖ ನೋಡಿ, “ಇಲ್ಲ ಅಂತಾಳೆ,” ಎನ್ನುತ್ತಿದ್ದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ.

ಶಿಲ್ಪಶ್ರೀ ಮತ್ತೆ ಕಾಗದ ಕತ್ತರಿ ಹಿಡಿದು ಕೂತಳು. ಒಂದು ದಿನ ಹೂವಿನ ಎಸಳು ತಪ್ಪಿ ಕತ್ತರಿಸಿಹೋದಾಗ ಎಡಗೈಯ ಎರಡು ಬೆರಳು ತಾವಾಗಿ ಮೇಜಿನ ಮೇಲೆ ಹಿಂದಕ್ಕೆ ತರುವ ಆ ಎರಡು ಕೀ ಹುಡುಕಿದವು. ಕತ್ತರಿ ಕೆಳಗಿಟ್ಟಳು. ಸಿಟ್ಟಿಗಿಂತ ಹೆಚ್ಚಾಗಿ ನೋಯುತ್ತಿದ್ದುದು ಬೇರೆ. ‘ನಾನು ಅತ್ತಾಗ ಪಕ್ಕದಲ್ಲೇ ಕೂತು ಅಳಬೇಡಿ ಅಂದರಲ್ಲ... ಒಂದು ಮಾತು ಹೇಳಿದ್ದರೆ ಅಳುವ ಕಾರಣವೇ ಇರುತ್ತಿರಲಿಲ್ಲ.’

ಜೂನ್ ಮಧ್ಯದಲ್ಲಿ ಕೆರೆಕಟ್ಟೆಯಿಂದ ಜಲಜಮ್ಮ ಫೋನ್ ಮಾಡಿದರು.

“ಎಂತ ಕೂಸೇ, ನಿಮ್ಮ ಕಂಪ್ಯೂಟರ್ ಹುಡುಗ ಬಂದಿದ್ದ. ಮಳೇಲಿ ತೊಪ್ಪೆಯಾಗಿ ನಿಂತಿದ್ದ ಮಾರಾಯ್ತಿ. ‘ಅಂಟಿಂದು ತಪ್ಪಲ್ಲ, ಆಲ್ಬಮ್ ಹಾಳು ಮಾಡಿದ್ದು ನಾನು, ಸುಳ್ಳು ಹೇಳಿದ್ದೂ ನಾನು’ ಅಂದ. ‘ಅವ್ರು ನಿಮಗೆ ಕಾರ್ಡು ಬರೆದಿದ್ರಲ್ಲ, ಅದನ್ನ ನಂಬಬೇಡಿ’ ಅಂದ. ಕಾಫಿ ಕುಡಿ ಅಂದ್ರೆ, ಇನ್ನೂ ಮೂರು ಮನೆ ಉಳಿದಿದೆ ಅಂತ ಹೋದ.”

ಶಿಲ್ಪಶ್ರೀ ರಿಸೀವರ್ ಹಿಡಿದುಕೊಂಡೇ ನಿಂತಳು.

ಸಂಜೆ ಶಿವಶಂಕರಪ್ಪನೇ ಮನೆಗೆ ಬಂದ. ಅಂಗಡಿ ತುಂಬ ಜನ ಇರುವಾಗ ಪ್ರಸಾದ್ ಬಂದು ಎಲ್ಲರೆದುರಿಗೆ ತನ್ನ ತಪ್ಪು ಹೇಳಿಕೊಂಡನಂತೆ. “ನಾವೇ ತಲೆ ತಗ್ಗಿಸೋ ಹಾಗಾಯ್ತು ಜಯದೇವಪ್ಪ. ಪೆಟ್ಟಿಗೆ ನಾಳೆ ಕಳಿಸಿಬಿಡು, ಮುಂಗಡೆ ಶೋಕೇಸಲ್ಲೇ ಇಡ್ತೀನಿ.”

ಅವನು ಹೋದ ಮೇಲೆ ಜಯದೇವಪ್ಪ ಮಗಳ ಹತ್ತಿರ ಬಂದು ಕೂತರು. “ತಪ್ಪು ಮಾಡಿದಾನೆ. ನಲವತ್ತೊಂದು ಬಾಗಿಲಲ್ಲಿ ನಿಂತು ಒಪ್ಕೊಂಡೂ ಇದಾನೆ. ಇನ್ನು ನಿಂಗೆ ಬಿಟ್ಟಿದ್ದು.”

*

ಮಾರನೇ ದಿನ ಮಧ್ಯಾಹ್ನ ಶಿಲ್ಪಶ್ರೀ ಕೊಪ್ಪದ ಆ ಮೆಟ್ಟಿಲು ಹತ್ತಿದಳು.

ಕ್ಲಾಸು ಮುಗಿದು ಮಕ್ಕಳೆಲ್ಲ ಹೋಗಿದ್ದರು. ಪ್ರಸಾದ್ ಒಬ್ಬನೇ ಇದ್ದ. ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತವನಿಗೆ ಕೂತುಕೊಳ್ಳಿ ಎನ್ನಲೂ ತೋಚಲಿಲ್ಲ.

“ನಲವತ್ತೊಂದೂ ಆಯ್ತಾ?” ಎಂದಳು.

“ನಲವತ್ತು. ಒಂದು ಮನೆಯವರು ಊರು ಬಿಟ್ಟಿದಾರೆ. ವಿಳಾಸ ಹುಡುಕ್ತಿದೀನಿ.”

“ನಿಮ್ಮಮ್ಮಂಗೆ?”

“ಎಲ್ಲರಿಗಿಂತ ಮೊದಲು ಅವರಿಗೇ ಹೇಳಿದೆ.” ಅವನು ತಲೆ ತಗ್ಗಿಸಿದ. “ಬೈಯ್ಲಿಲ್ಲ. ‘ಅಳೋದೇ ನಂಗೆ ಒಂದು ಸಮಾಧಾನ ಆಗಿತ್ತು ಕಣೋ, ಅದನ್ನೂ ತಗೊಂಡ್ಹೋಗಿ ಟ್ರಂಕಿಗೆ ಹಾಕಿದ್ಯಲ್ಲ’ ಅಂದ್ರು. ಆಮೇಲೆ ಇಬ್ರೂ ಕೂತು ನೀವು ಮಾಡಿದ ಆಲ್ಬಮ್ ನೋಡಿದ್ವಿ. ವೀರೇಶ ಹೋದ್ಮೇಲೆ ನಾನು ಅತ್ತಿರ್ಲಿಲ್ಲ ಶಿಲ್ಪಶ್ರೀ. ಅವತ್ತು ಅತ್ತೆ.”

ಶಿಲ್ಪಶ್ರೀ ಕಣ್ಣೊರೆಸಿಕೊಂಡಳು. ಆದರೂ ಕೇಳಬೇಕಾದದ್ದನ್ನು ಕೇಳಿದಳು.

“ಕೆರೆಕಟ್ಟೇಲಿ ಅವತ್ತು ಹೇಳೋಕೆ ಹೊರಟಿದ್ರಿ. ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮಾರನೇ ದಿನದಿಂದ ನೀವು ಬರಲ್ಲ ಅಂತ ಹೆದರಿದೆ.” ಕಿಟಕಿಯ ಕಡೆ ಕೈ ತೋರಿದ. “ಒಂಬತ್ತರ ಬಸ್ಸು ಬಂತಾ ಅಂತ ಕಿಟಕಿ ನೋಡೋದು ಅಭ್ಯಾಸ ಆಗಿಹೋಗಿತ್ತು. ಈಗ್ಲೂ ನೋಡ್ತೀನಿ.”

“ಬರ್ತಿರ್ಲಿಲ್ಲ. ಅದು ನಿಜ,” ಎಂದಳು ಅವಳು. “ಈಗ ಬಂದಿದೀನಿ.”

ಅವನು ತಲೆಯೆತ್ತಿದ.

“ಒಂದು ಮಾತು ಪ್ರಸಾದ್ ಅವ್ರೇ. ನಂಗೆ ನೋವಾಗುತ್ತೆ ಅಂತ ಎಂತದನ್ನೂ ಮುಚ್ಚಿಡೋ ಹಾಗಿಲ್ಲ. ನೋವಾದ್ರೆ ಆಗ್ಲಿ. ಹೇಳ್ಬೇಕು.”

“ಹೇಳ್ತೀನಿ.” ಮೌಸನ್ನು ಪಕ್ಕಕ್ಕೆ ಸರಿಸಿ, “ಹಾಗಿದ್ರೆ ಇನ್ನೊಂದು ಹೇಳೋದಿದೆ,” ಎಂದ.

ಅವಳ ಮುಖ ಬಿಗಿಯಿತು. “ಎಂತ?”

“ಆ ಬೂಷ್ಟು ತೆಗೆಯೋ ಕೆಲ್ಸ ನಾನೇ ಒಂದು ವಾರದಲ್ಲಿ ಮುಗಿಸ್ಬಹುದಿತ್ತು. ನೀವೇ ಕಲಿತು ಮಾಡ್ಬೇಕು ಅಂತ ಎರಡು ತಿಂಗಳು ಎಳೆದೆ.”

ಶಿಲ್ಪಶ್ರೀ ಅವನನ್ನೇ ನೋಡಿದಳು. ತುಟಿಯಂಚಿಗೆ ಬರುವ ಮೊದಲೇ ನಗು ಕಣ್ಣಿಗೆ ಬಂತು.

“ಅದು ಗೊತ್ತಿತ್ತು ನಂಗೆ. ಬೇರೆಯವರ ಫೋಟೋ ಅರ್ಧ ಗಂಟೇಲಿ ಸರಿಮಾಡಿ ಕೊಡ್ತಿದ್ರಲ್ಲ, ನೋಡಿದೀನಿ.”

“ಗೊತ್ತಿದ್ದೂ ಬರ್ತಿದ್ರಾ?”

“ಗೊತ್ತಿದ್ದೇ ಬರ್ತಿದ್ದೆ.”

ಅವನು ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದ, “ನಿಮ್ಮ ಅಪ್ಪಾಜಿ ಹತ್ರ ಮಾತಾಡೋಕೆ ಬರ್ಲಾ?”

“ಒಬ್ರೇ ಬರ್ಬೇಡಿ. ಅಮ್ಮನ್ನೂ ಕರ್ಕೊಂಡು ಬನ್ನಿ.”

“ಭಾನುವಾರ?”

“ಭಾನುವಾರ.”

ಕೆಳಗೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ನರಸಿಂಹರಾಜಪುರ ಎಂದು ಕೂಗಿದ. ಪ್ರಸಾದ್ ಕಿಟಕಿಯತ್ತ ನೋಡಿದ.

“ನಿಮ್ಮ ಬಸ್ಸು ಹೊರಟಿತು.”

“ಇನ್ನೊಂದಿದೆಯಲ್ಲ.”

“ಅದು ಐದೂವರೆಗೆ.”

“ಗೊತ್ತು,” ಎಂದು ಶಿಲ್ಪಶ್ರೀ ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.